ಎಸ್. ಎಸ್. ನೀಲವ್ವನ ಮುಖ ಯಾವ ಕಡೆ?

ಕಟಕಟ, ಕಟಕಟ, ಕಟಕಟ.

ಶಿರಸಿಯ ನಮ್ಮ ಮನೆಯಲ್ಲಿ ಕಡುಬು ಬೇಯುವಾಗ ಪಾತ್ರೆಯ ತಳದಿಂದ ಬರುತ್ತಿದ್ದ ಸದ್ದು ಇದು. ನನ್ನ ಆಯಿ, ಅಂದರೆ ಅಪ್ಪನ ತಾಯಿ ನೀಲವ್ವ, ತಾಮ್ರದ ದೊಡ್ಡ ಪಾತ್ರೆಗೆ ನೀರು ಹೊಯ್ದು, ಅದರಲ್ಲೊಂದು ನುಣ್ಣನೆಯ ಹೊಳೆಗಲ್ಲು ಬಿಟ್ಟು, ಮೇಲೆ ಜಾಲರಿ ಇಟ್ಟು, ಅರಿಶಿನ ಎಲೆಯಲ್ಲಿ ಮಡಿಸಿದ ಕಡುಬುಗಳನ್ನು ಜೋಡಿಸಿ ಮುಚ್ಚುತ್ತಿದ್ದಳು. ನೀರು ಕುದಿಯುತ್ತಿರುವಷ್ಟು ಹೊತ್ತೂ ಕಲ್ಲು ಕುಣಿಯುತ್ತಿತ್ತು. ಅದು ಸುಮ್ಮನಾಯಿತೆಂದರೆ ನೀರು ಆರಿತು, ಪಾತ್ರೆ ಸುಡುತ್ತದೆ ಎಂದರ್ಥ. ಮನೆಯ ಯಾವ ಮೂಲೆಯಲ್ಲಿದ್ದರೂ ಆಯಿಯ ಒಂದು ಕಿವಿ ಆ ಕಲ್ಲಿನ ಮೇಲೆ.

ಮೊನ್ನೆ ನಮ್ಮ ಪ್ರೆಶರ್ ಕುಕ್ಕರಿನಿಂದ ಅದೇ ಸದ್ದು ಬಂತು. ಮೊಮ್ಮಗಳು ಓಡಿಬಂದು ಗ್ಯಾಸ್ ಆರಿಸಿ, ತೆಗೆದು ನೋಡಿದರೆ ಅನ್ನದ ಡಬ್ಬಿಯ ಕೆಳಗೆ ಒಂದು ಟೀ ಸ್ಪೂನ್. ಕನ್ನಡಕವಿಲ್ಲದೆ ಹಾಕಿದವಳು ನಾನೇ. “ಅಜ್ಜಿ, ದಿಸ್ ಈಸ್ ಡೇಂಜರಸ್!” ಎಂದು ಗದರಿಸಿದಳು. “ಸಾರಿ” ಎಂದೆ. ಕಾನ್ವೆಂಟಿನಲ್ಲಿ ಕಲಿತ ಮೊದಲ ಇಂಗ್ಲಿಷ್ ಶಬ್ದ ಅದು, ಈಗಲೂ ಥಟ್ಟನೆ ಬರುತ್ತದೆ. ಆದರೆ ಒಳಗೆ ಸಾರಿ ಏನೂ ಇರಲಿಲ್ಲ. ಆ ಸದ್ದನ್ನು ಇನ್ನೊಂದು ಗಳಿಗೆ ಕೇಳಲು ಬಿಡಬಾರದಿತ್ತೆ ಅನಿಸಿತು. ಏಕೆಂದರೆ ನಾವು ಒಮ್ಮೆ ಆ ಸದ್ದಿನ ಮೇಲೆ ಕಡುಬನ್ನಲ್ಲ, ಒಂದು ಹಡಗನ್ನೇ ಬೇಯಿಸಿದ್ದೆವು.

ನಗಬೇಡಿ, ಹೇಳುತ್ತೇನೆ.

ಪೇಟೆಯಲ್ಲಿ ನಮ್ಮದು ಹಗ್ಗದ ಅಂಗಡಿ. ಅಂಗಡಿ ಮುಂದೆ, ಮನೆ ಹಿಂದೆ. ಎತ್ತಿನ ಮೂಗುದಾರದಿಂದ ಹಿಡಿದು ಲಾರಿಯ ಮೇಲೆ ಮರದ ನಾಟಾ ಬಿಗಿಯುವ ಹೆಬ್ಬಾವಿನಂಥ ಹಗ್ಗದವರೆಗೆ ಎಲ್ಲವೂ ಸಿಗುತ್ತಿದ್ದವು. ಸರಕು ತರಲು ಅಪ್ಪ ಮುಂಬಯಿಗೆ ಹೋಗುತ್ತಿದ್ದ, ಜೊತೆಗೆ ಅವನ ಕೊನೆಯ ತಮ್ಮ ಮಲ್ಲಕಾಕಾ. ಕಾಕಾ ಮ್ಯಾಟ್ರಿಕ್ ಪಾಸಾಗಿ ಗಲ್ಲಾದ ಮೇಲೆ ಕೂತು ಬೇಸತ್ತ ಪ್ರಾಯದ ಹುಡುಗ. ಒಮ್ಮೆ ಮುಂಬಯಿ ಬಂದರಿನ ಗೋಡೆಯ ಮೇಲಿಂದ ಒಂದು ಹಡಗಿನ ಹೊಗೆಕೊಳವೆಯ ತುದಿ ಕಂಡಿತಂತೆ. ಅಷ್ಟೇ. ಮೈ ಕಾಣಲಿಲ್ಲ, ತುದಿ ಮಾತ್ರ. ಅಷ್ಟಕ್ಕೇ ತಾನು ಹಡಗಿನ ಮೇಲೆಯೇ ಕೆಲಸ ಮಾಡಬೇಕೆಂದು ಹಟ ಹಿಡಿದ. ಅಲ್ಲಿಯ ಹಗ್ಗದ ವ್ಯಾಪಾರಿಯೊಬ್ಬರು ಹಡಗೊಂದರಲ್ಲಿ ಗುಮಾಸ್ತನ ಜಾಗವೊಂದನ್ನು ಹೇಳಿಯೂ ಇಟ್ಟರು. ದೀಪಾವಳಿಯೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ತಿಳಿಸಬೇಕು.

ನಮ್ಮ ಮನೆಯವರಾರೂ ಸಮುದ್ರವನ್ನೇ ಕಂಡವರಲ್ಲ. ಮುಂಬಯಿಯಲ್ಲೂ ಅದು ಬಂದರಿನ ಗೋಡೆಯ ಆಚೆಗೇ ಉಳಿದಿತ್ತು. ಕುಮಟೆಗೆ ದಿನಾ ಬಸ್ಸಿತ್ತು. ಘಟ್ಟ ಇಳಿದರೆ ಸಮುದ್ರ. ಆದರೆ ಇಳಿಯುವವರು ಯಾರು? ಘಟ್ಟದ ಕೆಳಗಿನಿಂದ ಉಪ್ಪೂ ತೆಂಗಿನ ನಾರೂ ತಾವಾಗಿಯೇ ಮೇಲೆ ಬರುತ್ತಿದ್ದಾಗ ನಾವು ಕೆಳಗೆ ಹೋಗುವ ಅಗತ್ಯವೇ ಬಿದ್ದಿರಲಿಲ್ಲ.

ಅಪ್ಪ “ಅವ್ವ ಹೂಂ ಅಂದ್ರ ನಂದೂ ಹೂಂ” ಎಂದು ಕೈ ತೊಳೆದುಕೊಂಡ. ಆಯಿ ಹೂಂ ಅನ್ನುವವಳಲ್ಲ. ಶಿರಸಿ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಒಂದೆರಡು ವರ್ಷ. “ಮುಂಬೈ ನಮ್ದಿದ್ದಾಗ ಹೋಗ್ಲಿಲ್ಲ. ಮಂದೀದಾದ ಮ್ಯಾಲ ಹೊಂಟಾನ ನೋಡು” ಎನ್ನುವಳು. ಇನ್ನೊಂದು ದಿನ ಇನ್ನೊಂದು ತಕರಾರು.

“ಹಡಗಿನ್ಯಾಗ ಎಲ್ಲಾರೂ ಮೀನ ತಿಂತಾರಂತ. ಕೊರಳಾಗ ಲಿಂಗ ಕಟ್ಕೊಂಡು ಮೀನಿನ ನಡುವ ಕುಂದರ್ತಿ?”

“ಮೀನ ನೀರಾಗ ಇರ್ತಾವ ಯವ್ವಾ. ನಾ ಆಫೀಸಿನ್ಯಾಗ ಇರ್ತೀನಿ.”

ಹೀಗಿರುವಾಗ ಹುಬ್ಬಳ್ಳಿಯ ನಮ್ಮ ಬೋರ್ಡಿಂಗಿನಲ್ಲಿ ಮಂಪ್ಸ್ ಬಂತು. ಮಂಗಬಾವು ಅನ್ನುತ್ತೇವಲ್ಲ, ಅದು. ಸಿಸ್ಟರ್‌ಗಳು ಗಲ್ಲ ಊದಿದ ಹುಡುಗಿಯರನ್ನೆಲ್ಲ ಮನೆಗೆ ಕಳಿಸಿದರು. ನನಗೆ ಆಗ ಹದಿಮೂರು. ಗಲ್ಲದ ಸುತ್ತ ಬಟ್ಟೆ ಕಟ್ಟಿಕೊಂಡು ಶ್ರಾವಣದಲ್ಲಿ ಬಸ್ಸಿಳಿದಾಗ ಆಯಿ ಕಣ್ಣೀರು ಹಾಕಿದಳು, ಕಾಕಾ ಬಿದ್ದು ಬಿದ್ದು ನಕ್ಕ. “ಬಾರವಾ ಕಾನ್ವೆಂಟ್, ಇಂಗ್ಲಿಷೆಲ್ಲಾ ಗಲ್ಲದಾಗ ತುಂಬ್ಕೊಂಡು ಬಂದಿ?” ಅಲ್ಲಿಂದ ಮುಂದೆ ಅವನ ಬಾಯಲ್ಲಿ ನನ್ನ ಹೆಸರು ಕಾನ್ವೆಂಟ್ ಎಂದೇ ಆಯಿತು.

ಅವನು ನಕ್ಕದ್ದಷ್ಟೇ ಅಲ್ಲ, ನನಗಾಗಿ ಕಾದಿದ್ದ. ಹಿಂದಿನ ಸಲ ಮುಂಬಯಿಯಲ್ಲಿ ಛತ್ರಿ ತರಲೆಂದು ಆಯಿ ಕೊಟ್ಟ ದುಡ್ಡಿನಲ್ಲಿ ಹಳೆ ಸಾಮಾನಿನ ಬಜಾರಿನಿಂದ ಒಂದು ಪೆಟ್ಟಿಗೆ ತಂದಿದ್ದ. ಒಳಗೆ ಮಾಡೆಲ್ ಶಿಪ್ಪಿನ ಕಿಟ್! ನಡುವೆ ಒಂದು ಉದ್ದದ ಬೆನ್ನುಮೂಳೆ, ಅದಕ್ಕೆ ಸಿಕ್ಕಿಸಲು ಪಕ್ಕೆಲುಬಿನಂಥ ಚೌಕಟ್ಟುಗಳು, ಆ ಪಕ್ಕೆಲುಬುಗಳಿಗೆ ಚರ್ಮದಂತೆ ಹೊದಿಸಲು ಶಾವಿಗೆ ಕಟ್ಟಿನ ಹಾಗೆ ಕಟ್ಟಿಟ್ಟ ಮರದ ತೆಳು ಪಟ್ಟಿಗಳು. ಸಣ್ಣ ಹಿತ್ತಾಳೆ ಮೊಳೆಗಳು, ಕರವಸ್ತ್ರದಷ್ಟು ಹಾಯಿ. ಮುಚ್ಚಳದ ಮೇಲಿನ ಚಿತ್ರ ಮಾತ್ರ ಹರಿದುಹೋಗಿ ಬರೀ ಆಕಾಶ ಉಳಿದಿತ್ತು. ನಕಾಶೆ ಇರಲೇ ಇಲ್ಲ. ಇದ್ದದ್ದು ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಿಕೆ. ಕಾಕಾನ ಮ್ಯಾಟ್ರಿಕ್ ಇಂಗ್ಲಿಷ್ ಮೊದಲ ಪುಟಕ್ಕೇ ಮುಗಿದಿತ್ತು, ಓದಿ ಹೇಳಲು ಇಡೀ ಓಣಿಗೆ ನಾನೊಬ್ಬಳೇ.

ಪಡಸಾಲೆಯಲ್ಲಿ ಹಾಸಿದ ಸಾಮಾನುಗಳನ್ನು ಆಯಿ ಬಂದು ನೋಡಿದಳು. ಪಕ್ಕೆಲುಬೊಂದನ್ನು ಎತ್ತಿ ತಿರುಗಿಸಿ ಇಟ್ಟಳು. ಬೈಯುತ್ತಾಳೆಂದು ನಾವು ಕಾದೆವು. ಅವಳು ಬೇರೆಯೇ ಹೇಳಿದಳು.

“ಮಲ್ಲ್ಯಾ, ಇದನ್ನ ಕಟ್ಟು. ದೀಪಾವಳಿಗೆ ನನ್ನ ತವರಿಗೆ ಹೋಗ್ತೀವಲ್ಲ, ಗುಡ್ನಾಪುರದ ಕೆರ್ಯಾಗ ಬಿಡೋಣು. ಮುಳುಗಬಾರದು. ಹೋದದ್ದು ತಾನ ತಿರುಗಿ ಬರಬೇಕು. ಬಂದ್ರ, ನೀನೂ ಹೋಗು.”

“ತಾನ ಹ್ಯಾಂಗ ತಿರುಗಿ ಬರ್ತೈತಿ ಯವ್ವಾ?”

“ನೀ ಹ್ಯಾಂಗ ಬರ್ತಿ? ಹಂಗ.”

“ಒಂದು ಸಣ್ಣ ದಾರ ಕಟ್ಟಿದ್ರ...”

“ದಾರ ಇಲ್ಲ. ನಿನಗ ನಾ ದಾರ ಕಟ್ಟಿ ಕಳಸ್ತೀನೇನು?”

ಊರಿಗೆಲ್ಲ ಹಗ್ಗ ಮಾರುವ ಮನೆಯಲ್ಲಿ ಕಾಕಾನಿಗೆ ಒಂದು ಮೊಳ ದಾರ ಇಲ್ಲವಾಯಿತು. ಮುಳುಗದಿರುವ ಹಡಗನ್ನು ಬೇಕಾದರೆ ಕಟ್ಟಬಹುದು. ತಾನಾಗಿ ಮನೆಗೆ ಬರುವ ಹಡಗನ್ನು ಯಾವ ಕಂಪನಿ ಕಟ್ಟುತ್ತದೆ, ನೀವೇ ಹೇಳಿ. ಆದರೂ ಕಾಕಾ ಮೊಳೆ ಸುತ್ತಿಗೆ ತೆಗೆದುಕೊಂಡು ಕೂತ, ನಾನು ಪುಸ್ತಿಕೆ ತೆರೆದೆ.

ನನ್ನ ಇಂಗ್ಲಿಷ್ ಎಂಥದು ಎಂದು ಸ್ವಲ್ಪ ಹೇಳಿಬಿಡುತ್ತೇನೆ. ಪ್ರೇಯರ್ ಬರುತ್ತಿತ್ತು, ಪೊಯೆಟ್ರಿ ಬರುತ್ತಿತ್ತು, “ಮೇ ಐ ಗೋ ಔಟ್ ಸಿಸ್ಟರ್” ಬರುತ್ತಿತ್ತು. ಹಡಗು ಎಲ್ಲಿಂದ ಬರಬೇಕು? “ಕೀಲ್” ಎಂದಾಗ ಕಾಕಾ “ಕೀಲು! ಇದು ನಮ್ಮ ಕನ್ನಡಾನ ಐತಲ್ಲ” ಎಂದು ಉಬ್ಬಿ, ಬೆನ್ನುಮೂಳೆಯನ್ನು ಎಲ್ಲಿ ಮಡಚಬೇಕೆಂದು ಅರ್ಧ ದಿನ ಹುಡುಕಿದ. ಆಮೇಲೆ “ಟೇಪರ್ ಈಚ್ ಪ್ಲ್ಯಾಂಕ್” ಎಂದು ಬಂತು. ಪಟ್ಟಿಯ ತುದಿಯನ್ನು ಸಪೂರಾಗಿ ಹೆರೆಯಬೇಕು ಎಂದು ಅದರ ಅರ್ಥ, ಈಗ ಗೊತ್ತು. ಆದರೆ ನಮ್ಮ ಚ್ಯಾಪೆಲ್ಲಿನಲ್ಲಿ ಹಚ್ಚುತ್ತಿದ್ದ ಸಣ್ಣ ಮೇಣದಬತ್ತಿಗೆ ಸಿಸ್ಟರ್ ಬೆನೆಡಿಕ್ಟಾ ಟೇಪರ್ ಎನ್ನುತ್ತಿದ್ದರು. “ಪ್ರತಿ ಪಟ್ಟಿಗೂ ಮೇಣದಬತ್ತಿ ತಿಕ್ಕಬೇಕಂತ ಕಾಕಾ” ಎಂದೆ, ಯಾವ ಅನುಮಾನವೂ ಇಲ್ಲದೆ. ಕಾಕಾ ಪೇಟೆಗೆ ಹೋಗಿ ಮೇಣದಬತ್ತಿ ತಂದ. ಇಬ್ಬರೂ ಕೂತು ಪಟ್ಟಿಗಳನ್ನೆಲ್ಲ ಮಿರಿಮಿರಿ ಮಿಂಚುವಂತೆ ತಿಕ್ಕಿದೆವು. ಪರಿಣಾಮ ಎರಡು. ಒಂದು, ಹೆರೆಯದ ಪಟ್ಟಿಗಳು ಹಡಗಿನ ತುದಿಗಳಲ್ಲಿ ಜಾಗ ಸಾಲದೆ ಹಂಚಿನ ಹಾಗೆ ಒಂದರ ಮೇಲೊಂದು ಏರಿ ಕೂತವು. ಇನ್ನೊಂದು, ಯಾವ ಅಂಟೂ ಅಂಟಲಿಲ್ಲ.

ಅದಕ್ಕೂ ಮೊದಲು ಪಟ್ಟಿಗಳು ಬಾಗಬೇಕಿತ್ತಲ್ಲ. ಒಣಗಿದ ಪಟ್ಟಿಯನ್ನು ಪಕ್ಕೆಲುಬಿನ ಉಬ್ಬಿಗೆ ಬಗ್ಗಿಸಲು ಹೋದರೆ ಚಟ್ ಎಂದು ಮುರಿಯುತ್ತಿತ್ತು. ಪುಸ್ತಿಕೆ “ಸ್ಟೀಮ್” ಎಂದಿತು. ಈ ಶಬ್ದಕ್ಕೆ ಮಾತ್ರ ನನ್ನ ಇಂಗ್ಲಿಷ್ ಬೇಕಾಗಲಿಲ್ಲ, ಅಡುಗೆಮನೆಯಿಂದ ಉತ್ತರ ಬರುತ್ತಿತ್ತು: ಕಟಕಟ ಕಟಕಟ. ನಾಗರಪಂಚಮಿಯ ಕಡುಬು. ಆಯಿ ಹಿತ್ತಲಿಗೆ ಹೋದ ಹೊತ್ತು ನೋಡಿ ಕಾಕಾ ನಾಲ್ಕು ಪಟ್ಟಿಗಳನ್ನು ಕಡುಬಿನ ನಡುವೆ ತುರುಕಿದ.

ಆಯಿ ಮುಚ್ಚಳ ತೆಗೆದಳು. ನೋಡಿದಳು. “ಯಾರಿಗೆ ಬಡಸಲಿ ಇವನ್ನ?” ಎಂದು ಮಾತ್ರ ಕೇಳಿದಳು.

ಅರಿಶಿನ ಎಲೆಯ ಹಬೆಯಲ್ಲಿ ಪಟ್ಟಿಗಳು ಹದವಾಗಿ ಬೆಂದು ಹಗ್ಗದಂತೆ ಬಾಗಿದವು. ಅಲ್ಲಿಂದ ಮುಂದೆ ಜಾಲರಿಯ ಒಂದು ಪಕ್ಕ ಕಡುಬು, ಇನ್ನೊಂದು ಪಕ್ಕ ಹಡಗು. ಆಯಿ ಗೊಣಗುತ್ತಲೇ ನೀರು ಹಾಕುವಳು. ಕಲ್ಲು ಸುಮ್ಮನಾದರೆ ಒಳಗಿನಿಂದಲೇ ಕೂಗುವಳು, “ಮಲ್ಲ್ಯಾ, ನಿನ್ನ ಹಡಗ ಸೀದು ಹೊಂಟೈತಿ!” ನಮ್ಮ ಹಡಗಿಗೆ ಕೊನೆಯವರೆಗೂ ಹಬ್ಬದ ವಾಸನೆ ಹೋಗಲಿಲ್ಲ.

ಅಂಟಿನ ಸಮಸ್ಯೆ ಬಗೆಹರಿಸಿದವರು ಸಿದ್ದಾಪುರದ ಕಡೆಯ ಹೆಗಡೆಯವರು, ಬಾವಿ ಹಗ್ಗಕ್ಕೆಂದು ಬರುತ್ತಿದ್ದ ಹಳೆಯ ಗಿರಾಕಿ. ಪಕ್ಕೆಲುಬು ಕಾಣುತ್ತಿದ್ದ ಹಡಗನ್ನು ಕತ್ತು ವಾರೆ ಮಾಡಿ ನೋಡಿದರು.

“ಎಂತದ ಇದು ಮಲ್ಲಣ್ಣಾ? ಕೋಳಿಗೂಡು ಮಾಡ್ತಾ ಇದ್ಯನ?”

“ಹಡಗ್ರೀ ಹೆಗಡೇರ!”

“ಹಡಗು ಹೇಳಿ ನೀನು ಹೇಳದ್ದಕ್ಕೆ ಗೊತ್ತಾತು. ಇಲ್ದಿದ್ರೆ ಗೊತ್ತಾಗ್ತಿತ್ತಿಲ್ಲೆ.” ಎಲೆಯಡಿಕೆಯ ಕವಳ ಉಗುಳಿ ಬಂದು ಮತ್ತೆ ನೋಡಿದರು. “ಹಲಸಿನ ಮೇಣ ಕಾಸಿ ಮೆತ್ತು. ಮುಂದಿನ ವಾರ ತಂದ್ಕೊಡ್ತೆ. ನೀರು ಒಳಗೆ ಬತ್ತಿಲ್ಲೆ. ಕೈ ಬಿಡ್ಸ್ಕಳದು ಮಾತ್ರ ನಿನ್ನ ಹಣೆಬರ.”

ಹಾಗೆಯೇ ಆಯಿತು. ಮೇಣ ಹಚ್ಚಿದ ದಿನ ಕಾಕಾನ ಎರಡು ಬೆರಳು ಒಂದಾಗಿ ಅಂಟಿ, ಗಿರಾಕಿಗಳಿಗೆ ಚಿಲ್ಲರೆ ಕೊಡಲು ನಾನು ಹೋಗಬೇಕಾಯಿತು. ನನ್ನ ಜಡೆಯ ತುದಿ ಹಡಗಿಗೆ ಅಂಟಿಕೊಂಡಿತು. ಆಯಿ ಜಡೆಯ ತುದಿಯನ್ನೇ ಕತ್ತರಿಸಿದಳು. ಅದರ ನಾಲ್ಕು ಕೂದಲು ಆ ಹಡಗಿನಲ್ಲೇ ಉಳಿದವು.

ಇನ್ನು ಆ ದೊಡ್ಡ ವಾಕ್ಯ. “ಫಿಕ್ಸ್ ದಿ ರಡ್ಡರ್ ಟು ದಿ ಸ್ಟರ್ನ್.” ರಡ್ಡರ್ ಎಂದರೆ ಚುಕ್ಕಾಣಿ, ಅದು ಹೇಗೋ ಗೊತ್ತಿತ್ತು. ಸ್ಟರ್ನ್? ಬೆನ್ನುಮೂಳೆಯ ಒಂದು ತುದಿಗೆ ಸ್ಟರ್ನ್, ಇನ್ನೊಂದಕ್ಕೆ ಬೌ ಎಂದು ಅಚ್ಚು ಒತ್ತಿತ್ತು, ಆದರೆ ಯಾವುದು ಮುಂದೆ, ಯಾವುದು ಹಿಂದೆ? ಡಿಕ್ಷನರಿ ಹುಬ್ಬಳ್ಳಿಯ ನನ್ನ ಡೆಸ್ಕಿನಲ್ಲಿ ಮಲಗಿತ್ತು. ಆದರೆ ಸಿಸ್ಟರ್ ಬೆನೆಡಿಕ್ಟಾರನ್ನು ನಾವು ಹುಡುಗಿಯರು ಬೆನ್ನ ಹಿಂದೆ “ಸ್ಟರ್ನ್ ಫೇಸ್” ಎಂದೇ ಕರೆಯುತ್ತಿದ್ದೆವು.

“ಸ್ಟರ್ನ್ ಅಂದ್ರ ಮುಖ ಗಂಟ್ ಹಾಕ್ಕೊಳ್ಳೂದು ಕಾಕಾ.”

“ಮುಖ ಅಂದಮ್ಯಾಲ ಅದು ಮುಂದನ ಇರ್ಬೇಕು.”

“ಮುಂದನ.”

“ಮತ್ತ ಈ ಬೌ?”

“ಬೌ ಅಂದ್ರ ತಲಿ ಬಗ್ಗಿಸಿ ನಿಲ್ಲೂದು. ಫಾದರ್ ಬಂದಾಗ ಹಿಂದಿನ ಸಾಲಿನಾಗ ನಾವು ನಿಲ್ತೀವಲ್ಲ, ಹಂಗ.”

“ಹಿಂದಿನ ಸಾಲು! ಆತು, ಅದು ಹಿಂದ.”

ನಮಗೆ ಅನುಮಾನ ಬರಲು ಕಾರಣವೇ ಇರಲಿಲ್ಲ ನೋಡಿ. ನಾವು ಘಟ್ಟದ ಮೇಲಿನ ಚಕ್ಕಡಿಯ ಜನ. ಚಕ್ಕಡಿಯ ನೊಗ ಮುಂದೆ, ಸೈಕಲ್ಲಿನ ಹ್ಯಾಂಡಲ್ ಮುಂದೆ, ಬಸ್ಸಿನ ಸ್ಟಿಯರಿಂಗ್ ಮುಂದೆ. ಹಡಗಿನ ಚುಕ್ಕಾಣಿಯೊಂದು ಹಿಂದೆ ಏಕಿರುತ್ತದೆ? ಬೌನಿಂದ ಹೊರಗೆ ಒಂದು ಉದ್ದ ಕೋಲು ಚಾಚಿರಬೇಕು ಎಂದಿತ್ತು. ಹಿಂದುಗಡೆ ಉದ್ದಕ್ಕೆ ಚಾಚಿದ್ದು ಬಾಲವಲ್ಲದೆ ಇನ್ನೇನು? ಇಷ್ಟೂ ಸಾಲದೆ ಪುಸ್ತಿಕೆಯ ಕೊನೆಯಲ್ಲಿ, ಹಡಗಿನ ಹೆಸರನ್ನು ಸ್ಟರ್ನಿನ ಮೇಲೆ ಬರೆಯಿರಿ ಎಂದೂ ಇತ್ತು. ಕಾಕಾ ತೊಡೆ ತಟ್ಟಿದ. “ನೋಡಿದಿ? ಅಂಗಡಿ ಬೋರ್ಡು ಯಾವತ್ತಾದ್ರೂ ಹಿತ್ತಲಾಗ ಹಾಕ್ತಾರೇನು?”

ಹೆಸರು ಆಯಿಯದೇ ಎಂದು ಕಾಕಾ ಮೊದಲೇ ಗೊತ್ತುಮಾಡಿದ್ದ. ತನ್ನ ಹೆಸರಿನ ಹಡಗು ಮುಳುಗಲಿ ಎಂದು ಅವಳು ಹಾರೈಸಲಾರಳು ಎಂಬ ಲೆಕ್ಕ. ನಾನು ಸ್ಟೈಲಾಗಿ ಮುಂದೆ ಎಸ್. ಎಸ್. ಸೇರಿಸಿ ಬಿಳಿ ಬಣ್ಣದಲ್ಲಿ ಬರೆದೆ: ಎಸ್. ಎಸ್. ನೀಲವ್ವ.

“ಎಸ್ಸೆಸ್ ಅಂದ್ರೇನವಾ?” ಎಂದಳು ಆಯಿ.

ಸ್ಟೀಮ್ ಶಿಪ್ ಎಂದು ನನಗೂ ಗೊತ್ತಿರಲಿಲ್ಲ. “ಶ್ರೀ ಶ್ರೀ” ಎಂದೆ.

ಆಯಿ ನಾಚಿದಳು. ಮಠದ ಸ್ವಾಮಿಗಳಿಗೆ ಮಾತ್ರ ಇರುವ ಮರ್ಯಾದೆ. ಮರುಕ್ಷಣ ಕಾಕಾನ ಲೆಕ್ಕ ಹೊಳೆದು ಮುಖ ಬಿಗಿದಳು. “ನನ್ನ ಹೆಸರ ಬರ್ದು ನನ್ನ ಮುಳುಗಸಾಂವ. ಮುಳುಗ್ಲಿ, ನಾನೂ ನೋಡ್ತೀನಿ.”

ಗಲ್ಲ ಇಳಿದು ನಾನು ಹುಬ್ಬಳ್ಳಿಗೆ ಹೋಗಿ ದೀಪಾವಳಿ ರಜೆಗೆ ಮತ್ತೆ ಬಂದೆ. ತವರಿಗೆ ಹೊರಡುವ ಮುಂಚಿನ ದಿನ ಹಿತ್ತಲಲ್ಲಿ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಟ್ರಯಲ್. ದೋಣಿಯಲ್ಲಿ ಹಡಗು! ನೀರು ಒಳಗೆ ಬರಲಿಲ್ಲ. ನನ್ನ ಮೇಣದಬತ್ತಿಯೂ ಹೆಗಡೆಯವರ ಮೇಣವೂ ಸೇರಿ ಕಾಪಾಡಿದವು. ಆದರೆ ಶ್ರೀ ಶ್ರೀ ನೀಲವ್ವ ನಿಲ್ಲಲೊಲ್ಲಳು. ಬಿಟ್ಟ ಕೂಡಲೇ ಪಕ್ಕಕ್ಕೆ ವಾಲಿ ಮಲಗಿಬಿಡುವಳು. ಎತ್ತಿ ನಿಲ್ಲಿಸಿದರೆ ಇನ್ನೊಂದು ಪಕ್ಕಕ್ಕೆ. ಕಾಕಾ ದೋಣಿಯ ಅಂಚಿನ ಮೇಲೆ ಕೂತುಬಿಟ್ಟ. ಅಷ್ಟು ದಿನ ನಗುತ್ತಿದ್ದವನ ಮುಖದಲ್ಲಿ ನಗು ಇರಲಿಲ್ಲ. “ಹೋಗ್ಲಿ ಬಿಡು ಕಾನ್ವೆಂಟ್. ಹಗ್ಗ ಮಾರೂದು ಏನ್ ಕೆಟ್ಟ ಕೆಲಸಲ್ಲ” ಎಂದ. ಅವನು ಎಷ್ಟು ಹೋಗಬೇಕೆಂದುಕೊಂಡಿದ್ದ ಎಂದು ಆ ಮಾತಿನಲ್ಲೇ ನನಗೆ ಮೊದಲ ಸಲ ತಿಳಿದದ್ದು.

ಆಯಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಗೆದ್ದೆನೆಂದು ಒಳಗೆ ಹೋದಳು ಎಂದುಕೊಂಡೆ. ಸೆರಗಿನಲ್ಲಿ ಏನೋ ಕಟ್ಟಿಕೊಂಡು ಮತ್ತೆ ಬಂದಳು.

“ಹೊಟ್ಟ್ಯಾಗ ಏನೂ ಇಲ್ದ ಹೊರಗ ಕಳಿಸಿದ್ರ ಯಾರರ ನೆಟ್ಟಗ ನಿಲ್ತಾರೇನು?” ಎಂದವಳೇ ಹಡಗಿನ ಮೇಲುಹಾಸಿನ ಸಣ್ಣ ಕಿಂಡಿಯಿಂದ ಹೊಳೆಗಲ್ಲುಗಳನ್ನು ಒಂದೊಂದಾಗಿ ಒಳಗೆ ಬಿಟ್ಟಳು. ಕೊನೆಯದು ಕಡುಬಿನ ಪಾತ್ರೆಯದು, ಸುತ್ತಲೂ ಬೆಂದು ಬೆಂದು ಕಪ್ಪಾದದ್ದು. ಹಡಗು ನೀರಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿತು, ಊಟಕ್ಕೆ ಕೂತ ಹಾಗೆ.

“ಯವ್ವಾ, ನೀ ಯಾರ ಕಡೆ?” ಎಂದ ಕಾಕಾ.

“ಮುಳುಗೂದು ಬ್ಯಾರೆ, ತಿರುಗಿ ಬರೂದು ಬ್ಯಾರೆ. ಅದನ್ನ ನೋಡ್ಕೋ ನೀ.”

ಬನವಾಸಿಯವರೆಗೆ ಬಸ್ಸು, ಅಲ್ಲಿಂದ ಚಕ್ಕಡಿ. ಹಡಗು ನನ್ನ ತೊಡೆಯ ಮೇಲೆ. ಗುಡ್ನಾಪುರದ ಕೆರೆ ತುಂಬಿ ಹೊಳೆಯುತ್ತಿತ್ತು. ಅಷ್ಟು ನೀರನ್ನು ಕಂಡು ನಾನು ಹಡಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಸಮುದ್ರ ಇದಕ್ಕಿಂತ ದೊಡ್ಡದಂತೆ! ಸಂಜೆ ಆಯಿಯ ತವರಿನವರೆಲ್ಲ ದಂಡೆಗೆ ಬಂದರು. ಅವಳ ಅಣ್ಣ ಬಸಪ್ಪಜ್ಜ “ಎಲ್ಲಾರೂ ಹಿಂದ ಸರೀರಿ, ಹಡಗ ಬಿಡ್ತಾರ!” ಎಂದು, ಯಾರೂ ಮುಂದಿಲ್ಲದಿದ್ದರೂ, ಜನರನ್ನು ಸರಿಸಿದ.

ಕಾಕಾ ಮೊಣಕಾಲವರೆಗೆ ಇಳಿದು, ಚುಕ್ಕಾಣಿ ಮತ್ತು ಹೆಸರಿದ್ದ ಮುಖವನ್ನು ಆಚೆ ದಂಡೆಗೆ ತಿರುಗಿಸಿ, ಕೈಮುಗಿದು, ನೂಕಿದ. ಹಡಗು ಹೋಯಿತು. ಒಂದು ಮಾರು, ಎರಡು ಮಾರು, ಇನ್ನಷ್ಟು. ನಿಧಾನವಾಯಿತು. ತಾವರೆ ಎಲೆಗಳ ಹತ್ತಿರ ನಿಂತೇಬಿಟ್ಟಿತು.

“ನಿಂತ್ತೋ” ಎಂದ ಬಸಪ್ಪಜ್ಜ.

ಕಾಕಾ ಧೋತರ ಎತ್ತಿಕೊಂಡು ಮುಂದೆ ಹೆಜ್ಜೆ ಇಟ್ಟ. “ಇಳೀಬ್ಯಾಡ” ಎಂದಳು ಆಯಿ. ನಾನು ಬರುವ ಪ್ರೇಯರನ್ನೆಲ್ಲ ಹೇಳಿದೆ, ಲ್ಯಾಟಿನ್ ಸಹಿತ. ಅಷ್ಟರಲ್ಲಿ ಆಚೆ ದಂಡೆಯಿಂದ ಸಂಜೆಯ ಗಾಳಿ ಬಂತು. ನನ್ನ ಜಡೆಯ ರಿಬ್ಬನ್ ಹಾರಿತು. ಕರವಸ್ತ್ರದಂಥ ಹಾಯಿಗಳು ಉಬ್ಬಿದವು. ಹಡಗು ಅಲುಗಿತು. ತಿರುಗಲಿಲ್ಲ, ಮುಖ ಆಚೆಗೇ ಇತ್ತು. ಹಾಗಿದ್ದೂ ನಮ್ಮ ಕಡೆಗೆ ಬರತೊಡಗಿತು. ಹೋಗುವಾಗಿನ ಕುಂಟು ನಡಿಗೆ ಇಲ್ಲ, ನೀರನ್ನು ಸರಸರ ಸೀಳುತ್ತ, ಬಾಲ ಮುಂದಾಗಿ, ನೆಟ್ಟಗೆ ಆಯಿಯ ಕಾಲ ಬುಡಕ್ಕೆ!

ಆಯಿ ಬಗ್ಗಿ ಅದನ್ನು ಎತ್ತಿಕೊಂಡಳು. ಒಳಗೆ ಕಲ್ಲುಗಳು ಕಟಕಟ ಎಂದವು.

“ನೋಡ್ರಿ ಇದನ್ನ. ಮುಖ ಅತ್ಲಾಗ, ಬರೂದು ಇತ್ಲಾಗ. ಥೇಟ್ ನನ್ನ ಮಗಾ” ಎಂದಳು. ಸೆರಗಿನಿಂದ 'ನೀಲವ್ವ'ನನ್ನು ಒರೆಸಿದಳು. ಆಮೇಲೆ ಕಾಕಾನ ಕಡೆ ನೋಡದೆ, “ಆತು. ಹೋಗು. ಮೀನಿನ ವಾಸ್ನಿ ಬಂದ್ರ ಮೂಗ ಮುಚ್ಕೋ” ಎಂದಳು.

ಕಾಕಾ ಹೋದ. ಮೊದಲ ರಜೆಗೆ ಬಂದವನು ಬಸ್ಸಿನಿಂದ ಇಳಿಯುವ ಮೊದಲೇ ಕಿಟಕಿಯಲ್ಲಿ ತಲೆ ಹಾಕಿ ಕೂಗಿದ, “ಏ ಕಾನ್ವೆಂಟ್! ಸ್ಟರ್ನ್ ಅಂದ್ರ ಹಿಂದಲೇ! ಚುಕ್ಕಾಣಿ ಹಿಂದಿರ್ತೈತಿ! ಹಡಗಿನ್ಯಾಗ ಎಲ್ಲಾರೂ ನಕ್ರು ನನಗ!” ನಾನು ಹಡಗನ್ನು ಸರಿಪಡಿಸಲು ಓಡಿದೆ. ನೋಡಿದರೆ ಸರಿಪಡಿಸಲು ಏನೂ ಇರಲಿಲ್ಲ. ಪುಸ್ತಿಕೆ ಹೇಳಿದಂತೆ ಎಲ್ಲವೂ ಇದ್ದಲ್ಲೇ ಇದ್ದವು. ಹಡಗು ಸರಿಯಾಗಿತ್ತು, ಉಲ್ಟಾ ಇದ್ದವರು ನಾವು. ಅಂದು ಕೆರೆಯಲ್ಲಿ ಕಾಕಾ ಅದನ್ನು ಹಿಂದುಮುಂದಾಗಿ ನೂಕಿದ್ದ. ಗಾಳಿ ಬಂದೊಡನೆ ಅದು ತನ್ನ ಮುಖ ಇದ್ದತ್ತ ನೆಟ್ಟಗೆ ಮನೆಗೆ ಬಂದಿತ್ತು.

ಆಯಿಗೆ ಇದನ್ನೆಲ್ಲ ವಿವರಿಸಿದೆವು. “ಹಿಂದರ ಇರ್ಲಿ, ಮುಂದರ ಇರ್ಲಿ. ತಿರುಗಿ ಬಂತಿಲ್ಲೋ?” ಎಂದಳು.

ಬಂದದ್ದು ಹಡಗಷ್ಟೇ ಅಲ್ಲ. ಆಯಿ ಇರುವ ತನಕ ಕಾಕಾ ಪ್ರತಿ ರಜೆಗೂ ಬಂದ. ಹಡಗು ಅಂಗಡಿಯ ಗಲ್ಲಾದ ಮೇಲೆ ಕೂತಿತು. ಜನ ನಮ್ಮ ಅಂಗಡಿಯನ್ನು ಹಡಗಿನಂಗಡಿ ಎನ್ನತೊಡಗಿದರು. ಸಮುದ್ರ ಕಾಣದ ಊರಿನಲ್ಲಿ ಇದೊಂದು ವಿಳಾಸ! ಕಡುಬಿನ ಪಾತ್ರೆಗೆ ಆಯಿ ಬೇರೆ ಕಲ್ಲು ಹಾಕಲಿಲ್ಲ. ಎರಡು ಸಲ ಪಾತ್ರೆ ಸುಟ್ಟುಕೊಂಡಳು.

ನನ್ನ ಮದುವೆ ಯಲ್ಲಾಪುರಕ್ಕೆ ಆಯಿತು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಅಲ್ಲಿ ಚಹಕ್ಕೆ ನಿಲ್ಲುತ್ತಿತ್ತು. ರಜೆ ಮುಗಿಸಿ ಮುಂಬಯಿಯ ರೈಲಿಗೆಂದು ಹೋಗುವ ಕಾಕಾನನ್ನು ನಾನು ಬಸ್ ಸ್ಟ್ಯಾಂಡಿನಲ್ಲೇ ಮಾತಾಡಿಸುವುದು ರೂಢಿ. ಆಯಿ ತೀರಿಕೊಂಡ ವರ್ಷ ಅವನು ಬಂದು, ಎಲ್ಲ ಮುಗಿಸಿ ಹೊರಟಾಗ, ಹಿಂದಿನ ಸೀಟಿನಲ್ಲಿ ಕೂತಿದ್ದ. ತೊಡೆಯ ಮೇಲೆ ಹಡಗು.

“ಇದನ್ನೂ ಕರ್ಕೊಂಡು ಹೊಂಟಿ?” ಎಂದೆ. ನನ್ನ ಸೊಂಟದ ಮೇಲೆ ದೊಡ್ಡ ಮಗಳು.

“ಇಷ್ಟು ದಿನ ಅಕಿ ಕಾದಳು. ಇನ್ನ ಅಕಿಗೂ ಒಂದು ಸಲ ಸಮುದ್ರ ತೋರಸ್ತೀನಿ” ಎಂದ. ಮಗಳ ಕಿವಿಯ ಹತ್ತಿರ ಹಡಗನ್ನು ಮೆಲ್ಲಗೆ ಅಲುಗಿಸಿದ. ಕಟಕಟ. ಅವಳು ನಕ್ಕಳು. “ನಿನ್ನವ್ವ ಕಾನ್ವೆಂಟಿನ್ಯಾಗ ಓದ್ಯಾಳ, ಸ್ಟರ್ನ್ ಅಂದ್ರ ಏನ್ ಅಂತ ಕೇಳು ಅಕಿನ್ನ” ಎಂದು ಕಣ್ಣು ಮಿಟುಕಿಸಿದ. ಕಂಡಕ್ಟರ್ ಸೀಟಿ ಊದಿದ.

ಆಮೇಲೆ ನಮ್ಮ ಯಜಮಾನರ ಟ್ರಾನ್ಸ್‌ಫರ್‌ಗಳು, ನನ್ನ ಮಕ್ಕಳ ಪರೀಕ್ಷೆಗಳು, ಅವನ ಹಡಗಿನ ದಾರಿಗಳು. ಅವನು ಬಂದಾಗ ನಾನಿಲ್ಲ, ನಾನಿದ್ದಾಗ ಅವನಿಲ್ಲ. ಮುಂಬಯಿಯಲ್ಲೇ ಮನೆ ಮಾಡಿ, ಮುದುಕನಾಗಿ, ಮೊಮ್ಮಕ್ಕಳನ್ನು ಗೋಳುಹೊಯ್ದುಕೊಳ್ಳುತ್ತ ಸುಖವಾಗಿ ಬಾಳಿ ಹೋದನಂತೆ. ನಾನು ಕಂಡದ್ದು ಆ ದಿನವೇ ಕೊನೆ.

ಬಸ್ಸು ಹೊರಟಿತು. ಕಾಕಾ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಮೊಣಕಾಲೂರಿ, ಹಿಂಬದಿಯ ಗಾಜಿಗೆ ಹಡಗನ್ನು ಹಿಡಿದ. ಮುಖ ಇತ್ಲಾಗ, ಹೋಗುವುದು ಅತ್ಲಾಗ. ಹಡಗಿನ ಹೆಸರನ್ನು ಹಿಂದೆ ಏಕೆ ಬರೆಯುತ್ತಾರೆಂದು ನನಗೆ ಆಗ ತಿಳಿಯಿತು. ದಂಡೆಯಲ್ಲಿ ನಿಂತವರು ಓದಲಿ ಎಂದು. ಹುಬ್ಬಳ್ಳಿ ರಸ್ತೆಯ ತಿರುವಿನವರೆಗೂ ನಾನು ನನ್ನ ಅಕ್ಷರವನ್ನು ಓದುತ್ತ ನಿಂತಿದ್ದೆ: ಎಸ್. ಎಸ್. ನೀಲವ್ವ.